ಕ್ಲಚ್ಚಿಗೊಂದು ಕವಚ

ದೂಮಪ್ಪ ತನ್ನ ಗ್ಯಾರೇಜಿನಲ್ಲೇ ಹಳೇ ಮಾದರಿಯ ರೇಸ್ ಕಾರೊಂದನ್ನು ಕಟ್ಟಿ, ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ ಬಿಗಿದ.

ಕ್ಲಚ್ಚಿಗೆ ಮೈ ಉರಿಯಿತು. "ನೀನು ತಿರುಗುವುದಿಲ್ಲ, ಎಳೆಯುವುದಿಲ್ಲ. ದಂಡಪಿಂಡದ ಹಾಗೆ ಕೂತು ನನ್ನ ಓಟಕ್ಕೆ ಭಾರವಾಗಿದ್ದೀಯಲ್ಲ!"

"ನನಗೆ ಕೆಲಸ ಬೀಳದಿರಲಿ ಎಂದೇ ಬೇಡುತ್ತೇನೆ, ತಮ್ಮಾ," ಎಂದಿತು ಕವಚ.

ರೇಸಿನ ದಿನ ಕ್ಲಚ್ಚು ಮೈಮರೆತು ತಿರುಗಿ ತಿರುಗಿ, ಕೊನೆಗೆ ಸಿಡಿದು ಚೂರುಚೂರಾಯಿತು. ಪಕ್ಕದಲ್ಲೇ ಕಾರು ಓಡಿಸುತ್ತಿದ್ದ ದೂಮಪ್ಪನ ಕಾಲುಗಳಿದ್ದವು. ಕವಚದ ಮೈಯೆಲ್ಲ ಉಬ್ಬಿ ಡೊಂಕಾಯಿತು, ಆದರೆ ಅದು ಒಂದು ಚೂರನ್ನೂ ಹೊರಗೆ ಬಿಡಲಿಲ್ಲ.

ಆಯುಧಪೂಜೆಯಂದು ದೂಮಪ್ಪ ಮೊದಲ ಕುಂಕುಮ ಇಟ್ಟದ್ದು ಎಂಜಿನ್ನಿಗಲ್ಲ, ಗೋಡೆಗೆ ತೂಗುಹಾಕಿದ್ದ ಆ ಡೊಂಕು ಕವಚಕ್ಕೆ. ಅದರಲ್ಲಿ ನಾಟಿದ್ದ ಕ್ಲಚ್ಚಿನ ಚೂರಿಗೂ ಕುಂಕುಮ ತಾಗಿತು.

"ನನಗೇಕೆ, ಅಣ್ಣಾ? ನಾನು ಅವನ ಕಾಲನ್ನೇ ಕತ್ತರಿಸಿಬಿಡುತ್ತಿದ್ದೆ."

"ಕತ್ತರಿಸಲಿಲ್ಲವಲ್ಲ," ಎಂದಿತು ಕವಚ. "ಆ ಪಾಪ ನಿನಗೂ ತಟ್ಟಬಾರದೆಂದೇ ನಾನಿದ್ದದ್ದು."