ಕವಲುಕಟ್ಟೆಯ ದುಗ್ಗ ಹೇಳಿದ ದಾರಿ

“ಹುಲಿಗುಡ್ಡ ಪಟ್ಟಣದ ಸಮಸ್ತರೂ ಕಿವಿಗೊಟ್ಟು ಕೇಳಿ! ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಜೊತೆಗೆ ನಾಡಿನ ದಾರಿಗಳ ಅಧಿಕಾರ. ಸೋತವನಿಗೆ ಅಮಾವಾಸ್ಯೆಯ ದಿನ ತಲೆದಂಡ!”

ಇಷ್ಟನ್ನು ಊರಿಗೆಲ್ಲ ಸಾರುವುದಕ್ಕೆ ಡಂಗುರದವನಿಗೆ ಎರಡು ದಿನ ಹಿಡಿಯಿತು. ಪಾಪ, ಹೋದಲ್ಲೆಲ್ಲ ಗಾಡಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ. ಆ ಪಟ್ಟಣಕ್ಕೆ ನಾಲ್ಕು ಕೋಟೆಬಾಗಿಲು. ಬರುವ ಎತ್ತಿನಗಾಡಿಗಳಿಗೆ ಮಾತ್ರ ಲೆಕ್ಕವಿಲ್ಲ. ಎರಡು ತಿಂಗಳ ಹಿಂದೆ ಪದ್ಮಲೆಯ ತಾಯಿ ರಾಣಿಯವರಿಗೆ ಹೆರಿಗೆ ಕಷ್ಟವಾದಾಗ ವೈದ್ಯರ ಪಲ್ಲಕ್ಕಿ ಮೂಡಲ ಬಾಗಿಲಲ್ಲಿ ಮೂರು ತಾಸು ನಿಂತುಬಿಟ್ಟಿತ್ತು. ವೈದ್ಯರು ಅರಮನೆ ತಲುಪಿದಾಗ ತಾಯಿಯೂ ಉಳಿದಿರಲಿಲ್ಲ, ಕೂಸೂ ಉಳಿದಿರಲಿಲ್ಲ.

ಪಟ್ಟಣದ ಹೊರಗೆ, ದಾರಿ ನಾಲ್ಕಾಗಿ ಒಡೆಯುವ ಕವಲುಕಟ್ಟೆಯಲ್ಲಿ ದುಗ್ಗ ಎಂಬ ಹುಡುಗ ಗಾಡಿಗಳ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ. ಊರಿಂದ ಹೊರಬರುವ ಗಾಡಿಯವರು ಯಾವ ಬಾಗಿಲು ಹೇಗಿದೆ ಎಂದು ಅವನಿಗೆ ಹೇಳುವುದು, ಅವನು ಅದನ್ನು ಒಳಹೋಗುವವರಿಗೆ ಹೇಳುವುದು ಅಲ್ಲಿನ ರೂಢಿ. ರಾಣಿ ತೀರಿಕೊಂಡ ದಿನ ಬೆಳಿಗ್ಗೆ ಯಾರೋ “ಮೂಡಲ ಬಾಗಿಲು ಖಾಲಿ” ಅಂದಿದ್ದರು. ದುಗ್ಗ ಅದನ್ನೇ ಇನ್ನೂರು ಗಾಡಿಯವರಿಗೆ ಹೇಳಿದ್ದ. ಇನ್ನೂರು ಗಾಡಿಗಳೂ ಅಲ್ಲಿಗೇ ಹೋದವು. ಅಂದಿನಿಂದ ಅವನ ಬಾಯಿ ಕಟ್ಟಿಹೋಗಿತ್ತು. ಯಾರು ದಾರಿ ಕೇಳಿದರೂ ತಲೆ ಬಗ್ಗಿಸಿ ಎಣ್ಣೆ ಹಾಕುತ್ತಿದ್ದ.

ಡಂಗುರ ಕೇಳಿ ಅವನು ಹೆಗಲಿಗೆ ವಲ್ಲಿ ಹಾಕಿ ಹೊರಟಾಗ ತಾಯಿ ಸಂಕವ್ವ ಅಡ್ಡ ನಿಂತಳು.

“ಎಲ್ಲಿಗ್ಲಾ? ರಾಜಕುಮಾರಿ ಮೇಲೆ ಆಸೆ ಬಂತಾ ನಿಂಗೆ?”

“ಇಲ್ಲ ಕಣವ್ವ. ದಾರಿ ಅಧಿಕಾರ ಸಿಕ್ಕಿದ್ರೆ ಇನ್ನೊಂದು ಸಲ ಹಂಗಾಗದಂಗೆ ನೋಡ್ಕೋಬೌದು.”

“ಅಲ್ಲಿ ಬಾಯಿ ಜಾರಿ ಆವತ್ತಿನ ಮಾತು ಹೇಳೀಯ, ಜೋಕೆ. ಒಗಟು ಗೆದ್ರೂ ತಲೆ ಉಳಿಯಕಿಲ್ಲ,” ಎಂದು ಸಂಕವ್ವ ಅತ್ತಳು.

ಅರಮನೆಯಲ್ಲಿ ಮೂವರು ಮೊದಲೇ ಬಂದಿದ್ದರು: ನೆರೆನಾಡಿನ ರಾಜಕುಮಾರ, ಒಬ್ಬ ಪಂಡಿತ, ದಳಪತಿಯ ಮಗ. ಎಣ್ಣೆಮೆತ್ತಿದ ದುಗ್ಗನನ್ನು ಕಂಡು ಮೂವರೂ ಮೂಗು ಮುಚ್ಚಿಕೊಂಡರು. ರಾಜ ನೀಲರಾಯ ಸಿಂಹಾಸನದಲ್ಲಿ ಕೂತಿದ್ದ. ಪದ್ಮಲೆಯೇ ಎದ್ದು ನಿಂತು ಕೇಳಿದಳು.

“ಹೊಸದಾಗಿದ್ದರೆ ಕಾಪಾಡುತ್ತದೆ, ಹಳತಾದರೆ ಕೆಡಿಸುತ್ತದೆ. ನೋಡುವುದಕ್ಕೆ ಎರಡೂ ಒಂದೇ. ಅದೇನು?”

“ಹಾಲು,” ಎಂದ ರಾಜಕುಮಾರ ಥಟ್ಟನೆ.

“ಒಡೆದ ಹಾಲನ್ನು ನೋಡಿದರೆ ಗೊತ್ತಾಗುವುದಿಲ್ಲವೇ?” ಎಂದಳು. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ದುಗ್ಗ ಕೈಮುಗಿದ. “ದಾರಿ ಸುದ್ದಿ, ಅಮ್ಮಣ್ಣಿ. ಈಗ ಖಾಲಿ ಅಂದ ಬಾಗಿಲು ಇನ್ನೊಂದು ಗಳಿಗೆಗೆ ತುಂಬಿರ್ತದೆ. ಆದರೆ ಮಾತು ಅದೇ ಮಾತು.”

ಪದ್ಮಲೆ ಒಪ್ಪಿ ತಲೆಯಾಡಿಸಿದಳು. “ಅಗಲ ಮಾಡಿದಷ್ಟೂ ಇಕ್ಕಟ್ಟಾಗುವುದು ಯಾವುದು?”

“ಮನುಷ್ಯನ ಆಸೆ!” ಎಂದ ಪಂಡಿತ. ಅದಕ್ಕೊಂದು ಶ್ಲೋಕವನ್ನೂ ಹೇಳಿದ. ಶ್ಲೋಕ ಚೆನ್ನಾಗಿತ್ತು, ಉತ್ತರ ತಪ್ಪಾಗಿತ್ತು. ಅವನೂ ಹೋದ.

“ಪೇಟೆ ಬೀದಿ,” ಎಂದ ದುಗ್ಗ. “ಬುದ್ಧಿಯೋರು ಎರಡು ಸಲ ಮನೆ ಕೆಡವಿ ಅಗಲ ಮಾಡಿಸಿದ್ರು. ಅಗಲ ಆಯ್ತು ಅಂತ ಬೇರೆ ದಾರಿ ಗಾಡಿಗಳೂ ಅಲ್ಲಿಗೇ ಬಂದ್ವು.” ಅದನ್ನು ಮಾಡಿಸಿದ್ದ ನೀಲರಾಯ ಕೆಮ್ಮಿ, ಬೇರೆ ಕಡೆ ನೋಡಿದ.

ಪದ್ಮಲೆ ಮೂರನೆಯದನ್ನು ಕೇಳಿದಳು. “ಒಬ್ಬನಿಗೆ ಹೇಳಿದರೆ ನಿಜ. ಅದನ್ನೇ ಎಲ್ಲರಿಗೂ ಹೇಳಿದರೆ ಸುಳ್ಳು. ಯಾವುದು?”

“ಗುಟ್ಟು,” ಎಂದ ದಳಪತಿಯ ಮಗ.

“ಗುಟ್ಟು ಬಯಲಾದರೂ ನಿಜವೇ ಅಲ್ಲವೇ?” ಅವನನ್ನೂ ಕರೆದೊಯ್ದರು. ದುಗ್ಗ ಒಬ್ಬನೇ ಉಳಿದ.

ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ಅಮಾವಾಸ್ಯೆಗೆ ತಲೆ ಹೋಗುತ್ತದೆ. ಹೇಳಿದ ಮೇಲೆ ಹೇಗೆ ಗೊತ್ತು ಎಂದು ಅವರು ಕೇಳಿದರೆ ಇವತ್ತೇ ಹೋಗುತ್ತದೆ. ಆದರೂ ಎರಡು ತಿಂಗಳಿಂದ ಹೊತ್ತ ಭಾರ ಇಳಿಸದೆ ಸಾಯುವುದು ಅವನಿಗೆ ಬೇಡವಾಯಿತು.

“‘ಮೂಡಲ ಬಾಗಿಲು ಖಾಲಿ’ ಅನ್ನೋ ಮಾತು, ಅಮ್ಮಣ್ಣಿ. ಒಬ್ಬ ಹೋದ್ರೆ ಖಾಲಿ, ಎಲ್ಲಾ ಹೋದ್ರೆ ಎಲ್ಲಿ ಖಾಲಿ? ಆವತ್ತು ಇನ್ನೂರು ಜನಕ್ಕೆ ಹಂಗೆ ಹೇಳಿದೋನು ನಾನೇ.”

ಭಟನೊಬ್ಬ ಕತ್ತಿಗೆ ಕೈಹಾಕಿದ. ಪದ್ಮಲೆ ಅವನನ್ನು ತಡೆದಳು. ಅವಳ ಕಣ್ಣಲ್ಲಿ ನೀರಿತ್ತು.

“ಗಾಡಿಯವರನ್ನೆಲ್ಲ ಕೇಳಿದ್ದೆ. ಯಾರೋ ಹೇಳಿದರು ಅಂದರೇ ಹೊರತು ಯಾರೂ ನಿನ್ನ ಹೆಸರು ಹೇಳಲಿಲ್ಲ. ಹಾಗಾದರೆ ಸುದ್ದಿಯನ್ನೇ ನಿಲ್ಲಿಸಬೇಕೇ?”

“ಬೇಡ, ಅಮ್ಮಣ್ಣಿ. ನಿಲ್ಲಿಸಿ ನೋಡಿದೀನಿ, ಇನ್ನೂ ಕೆಟ್ಟಿತು. ನಾಕು ಬಾಗಿಲ ಬುರುಜಿನ ಮೇಲೂ ಬಾವುಟ ಇಡಿಸಿ. ನಿಂತಿರೋ ಇಪ್ಪತ್ತು ಗಾಡಿಗೆ ಒಂದು ಬಾವುಟ. ಗಾಡಿ ಕರಗಿದಂಗೆ ಇಳಿಸಬೇಕು. ಕಟ್ಟೆಯಿಂದ ನೋಡ್ಕೊಂಡು ಹತ್ತು ಗಾಡಿಗೆ ಒಂದು ಬಾಗಿಲು ಹೇಳ್ತೀನಿ, ಮುಂದಿನ ಹತ್ತಕ್ಕೆ ಇನ್ನೊಂದು. ಎಲ್ಲಾರಿಗೂ ಒಂದೇ ಮಾತು ಹೇಳಬಾರದು, ಅಷ್ಟೇ.”

ಪದ್ಮಲೆ ಕಣ್ಣೊರೆಸಿಕೊಂಡಳು. “ಮೂರೂ ಸರಿ. ದಾರಿಗಳ ಅಧಿಕಾರ ನಿನ್ನದು. ಆದರೆ ನಿನ್ನ ಮುಖ ನೋಡಿದರೆ ನನಗೆ ಅಮ್ಮನ ಸಾವು ನೆನಪಾಗುತ್ತದೆ. ಕೈ ಕೊಡಲಾರೆ. ಬದಲಿಗೆ ಏನಾದರೂ ಕೇಳು.”

“ಸೆರೆಮನೆಯಲ್ಲಿರೋ ಮೂವರನ್ನ ಬಿಟ್ಬಿಡಿ. ಗೊತ್ತಿಲ್ಲದ್ದನ್ನ ಗೊತ್ತು ಅಂದ್ರು. ನಾನೂ ಅದನ್ನೇ ಮಾಡಿದ್ದು.”

ಅವರನ್ನು ಬಿಟ್ಟರು. ಬಾವುಟಗಳು ಏರಿದವು. ಗಾಡಿಯವರು ಮೊದಮೊದಲು ಗೊಣಗಿದರು, ಒಂದು ತಿಂಗಳಲ್ಲಿ ಹೊಂದಿಕೊಂಡರು.

ಒಂದು ಮಧ್ಯಾಹ್ನ ಪದ್ಮಲೆ ತಾನೇ ಕವಲುಕಟ್ಟೆಗೆ ಬಂದಳು. ದುಗ್ಗ ದಡಬಡಿಸಿ ಎದ್ದ. ಅವಳು ಅವನ ಮುಖ ನೋಡಿಯೇ ಮಾತಾಡಿದಳು.

“ಬೆಳಿಗ್ಗೆ ಕುಂಬಾರಗೇರಿಯಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು. ವೈದ್ಯರು ಅರ್ಧ ಗಳಿಗೆಯಲ್ಲಿ ಮೂಡಲ ಬಾಗಿಲು ದಾಟಿದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನಿನಗೆ ನಾನೇ ಹೇಳಬೇಕು ಅನ್ನಿಸಿತು.”

ದುಗ್ಗ ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಗಾಡಿಗಳು ಕಾಯುತ್ತಿದ್ದವು. ಅವನಿಗೆ ಸಮಾಧಾನವಾಗುವವರೆಗೆ ಪದ್ಮಲೆಯೇ ಬುರುಜುಗಳತ್ತ ನೋಡಿ, ಗಾಡಿಯವರಿಗೆ ಹತ್ತತ್ತಾಗಿ ದಾರಿ ಹೇಳಿದಳು.