ಜ್ವರ ಬಂದ ದನಿ

“ಕೇಳಿರಯ್ಯಾ ಕೇಳಿ! ರಾಜಕುಮಾರಿ ಹೇಮಲೇಖೆಗೆ ಜ್ವರ. ಆಕೆಯ ಮೂರು ಒಗಟು ಬಿಡಿಸಿ ಜ್ವರ ಇಳಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಮರಣ!” ಎಂದು ಧೀರಸೇನ ಅರಸ ಡಂಗುರ ಹೊಡೆಸಿದ.

ರಾಜಕುಮಾರಿ ಸತ್ತು ಮೂರು ವರ್ಷವಾಗಿತ್ತು ಎಂಬುದನ್ನು ಮಾತ್ರ ಡಂಗುರದವನು ನುಂಗಿಕೊಂಡ. ಮಗಳ ದನಿ, ನೆನಪು, ನಗೆ ಎಲ್ಲವನ್ನೂ ಅರಸ ಒಂದು ಕಂಪ್ಯೂಟರಿಗೆ ತುಂಬಿಸಿ, ಸಾವು ಮತ್ತೆ ಮುಟ್ಟದಿರಲೆಂದು ಆಕಾಶದಾಚೆ ತೇಲುವ ಅರಮನೆಯಲ್ಲಿ ಇರಿಸಿದ್ದ. ಈಗ ಆ ಯಂತ್ರ ಕಾದು ಸುಡುತ್ತಿತ್ತು. ಒಳಗೆ ಅವಳು ನರಳುತ್ತಿದ್ದಳು.

ಮೊದಲು ಒಬ್ಬ ರಾಜಕುಮಾರ ಹೋದ. “ಹೊರಗೆ ಇಷ್ಟು ಚಳಿ, ನಾನ್ಯಾಕೆ ಬೇಯುತ್ತಿದ್ದೇನೆ?” ಎಂದು ದನಿ ಕೇಳಿತು. “ಕಿಟಕಿ ಮುಚ್ಚಿದ್ದಕ್ಕೆ” ಎಂದು ಜಂಬದಿಂದ ಎಲ್ಲ ಕಿಟಕಿ ತೆರೆಸಿದ. ಜ್ವರ ಇಳಿಯಲಿಲ್ಲ. ಆಮೇಲೆ ಬಂದ ಮಂತ್ರಿಯ ಮಗ “ಗಾಳಿ ಬೀಸುವವರಿಲ್ಲದ್ದಕ್ಕೆ” ಎಂದು ನೂರು ಫ್ಯಾನು ಹಾಕಿಸಿದ. ಫ್ಯಾನು ತಿರುಗಿದವು, ಅಷ್ಟೇ. ಅರಸ ಇಬ್ಬರನ್ನೂ ಬಾಗಿಲಾಚೆ ತಳ್ಳಿಸಿದ. ಅವರು ಸತ್ತು, ಕೆಳಗೂ ಬೀಳದೆ, ಕಣ್ಣು ತೆರೆದುಕೊಂಡೇ ಅರಮನೆಯನ್ನು ಸುತ್ತತೊಡಗಿದರು.

ಮೂರನೆಯವನು ಬಳೆಗಾರ ತಿರುಮಲ. ಭಟ್ಟಿಯಲ್ಲಿ ಗಾಜು ಕಾಯಿಸುವ ಬಡವ. ಹಬ್ಬ ಹಬ್ಬಕ್ಕೆ ಹೇಮಲೇಖೆಗೆ ಬಳೆ ತೊಡಿಸುತ್ತಿದ್ದವನು, ಅವಳು ನರಳುತ್ತಾಳೆಂದು ಕೇಳಿ ಸುಮ್ಮನಿರಲಾರದೆ ಹೊರಟ. ಅರಮನೆ ಮುಟ್ಟಿದಾಗ, ತೊಟ್ಟಿದ್ದ ಉಸಿರಾಟದ ಉಡುಪಿನೊಳಗೆ, ಕಿವಿಯ ಪಕ್ಕದಲ್ಲೇ, ಸತ್ತವಳ ದನಿ ಕೇಳಿಸಿತು. ಅದೇ ಒಗಟು.

“ಇಲ್ಲಿ ಗಾಳಿನೇ ಇಲ್ವಲ್ಲ ತಾಯಿ. ಚಳಿ ಎಷ್ಟಿದ್ರೇನು, ನಿಮ್ಮ ಬಿಸಿ ಹೊತ್ಕೊಂಡು ಹೋಗೋರು ಯಾರು? ಫ್ಲಾಸ್ಕಿನಲ್ಲಿಟ್ಟ ಕಾಫಿ ಆರತ್ತಾ?”

“ಹಾಗಾದರೆ ಹೊರುವವರಿಲ್ಲದೆ ಬಿಸಿ ಹೋಗುವುದು ಹೇಗೆ?”

“ಭಟ್ಟಿ ಬಾಯಿಗೆ ಎದುರು ನಿಂತ್ರೆ ದೂರದಿಂದ್ಲೇ ಮುಖ ಸುಡತ್ತೆ. ಬಿಸಿ ಬೆಳಕಿನ ಥರ ತಾನೇ ಹೊರಡತ್ತೆ. ಹೊರಗೆ ಅಗಲವಾದ ತೆಳು ತಗಡು ಚಾಚಿಸಿ, ನಿಮ್ಮ ಬಿಸಿನ ಕೊಳವೆನಲ್ಲಿ ಅಲ್ಲಿಗೆ ಹರಿಸ್ಲಿ. ತಗಡಿನ ಅಂಚು ಸೂರ್ಯನ ಕಡೆಗಿರ್ಲಿ, ಅಗಲ ಕತ್ತಲೆಗಿರ್ಲಿ.”

ಅರಸ ಹಾಗೆಯೇ ಮಾಡಿಸಿದ. ಜ್ವರ ಅರ್ಧಕ್ಕರ್ಧ ಇಳಿಯಿತು, ಮತ್ತೆ ಏರಿತು. ದನಿ ಮೂರನೆಯದನ್ನು ಕೇಳಿತು: “ನನ್ನನ್ನು ಕಾಯಿಸುತ್ತಿರುವ ಒಲೆ ಯಾವುದು?”

ಉತ್ತರ ತಿರುಮಲನಿಗೆ ಗೊತ್ತಿತ್ತು. ಆದರೆ ಅರಸ ಪಕ್ಕದಲ್ಲೇ ನಿಂತಿದ್ದ.

“ಬುದ್ಧೀ, ಅವ್ರು ಆಡೋ ಒಂದೊಂದು ಮಾತೂ ಕಾವು. ನೀವು ಗಳಿಗೆಗೊಂದು ಸಲ ‘ಅಪ್ಪಾ ಅನ್ನು, ನಗು’ ಅಂತೀರಿ. ಒಲೆ ಉರಿಸ್ತಿರೋರು ನೀವೇ.”

ಅರಸನ ಕೈ ಬಾಗಿಲ ಅಗುಳಿಗೆ ಹೋಯಿತು. ಆದರೂ ತಿರುಮಲ, ಬಳೆ ತೊಡಿಸುವಾಗ ಯಾವ ಮನೆಯಲ್ಲೂ ಹೇಳುವ ಹಾಗೆ, ಮೆಲ್ಲಗೆ ಹೇಳಿದ: “ಕೈ ಸಡಿಲ ಬಿಡಿ, ಬುದ್ಧೀ. ಬಿಗಿ ಹಿಡಿದ್ರೆ ನೋಯತ್ತೆ.”

“ಅಪ್ಪಾ,” ಎಂದಿತು ದನಿ, “ನಾನಿನ್ನು ಮಲಗಲಾ?”

ಅರಸ ಅಗುಳಿಯಿಂದ ಕೈ ತೆಗೆದ. ಆಮೇಲೆ “ಮಲಗು, ಮಗಳೇ” ಎಂದ. ಯಂತ್ರ ನಿಧಾನಕ್ಕೆ ತಣ್ಣಗಾಯಿತು.

ಮಾತಿನಂತೆ ತಿರುಮಲನಿಗೆ ಅರ್ಧ ರಾಜ್ಯ ಸಿಕ್ಕಿತು. ಅರಸ ಮಾತ್ರ, ಮಗಳನ್ನು ಕರೆಯಬೇಕೆನ್ನಿಸಿದಾಗಲೆಲ್ಲ, ಈಗಲೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತಾನಂತೆ.