ಯಾವ ಗಳಕ್ಕೂ ಸೇರದ ಹುಂಜ

ನರಿಯನ್ನು ಓಡಿಸಿ ಕೋಳಿಗೂಡು ಸ್ವತಂತ್ರವಾದ ವರ್ಷವೇ ಅಲ್ಲಿ ಎರಡು ಪಕ್ಷಗಳಾದವು. ಬಾಗಿಲಿನ ಅಗುಳಿ ಒಳಗಿರಬೇಕು ಎಂದ ಕೋಳಿಗಳು ಎಡಗಡೆಯ ಬೊಂಬಿನ ಗಳ ಹತ್ತಿ ಕೂತವು, ಹೊರಗಿರಬೇಕು ಎಂದವು ಬಲಗಡೆಯದನ್ನು ಹತ್ತಿದವು. ತೀರ್ಮಾನವಾಗದೆ ಬಾಗಿಲು ತೆರೆದೇ ಉಳಿಯಿತು.

ಮುದಿ ಹುಂಜ ಮಾತ್ರ ನಡುವೆ ನೆಲದ ಮೇಲೆ ನಿಂತು, "ನಾನು ಯಾವ ಗಳಕ್ಕೂ ಸೇರಿದವನಲ್ಲ. ಒಂದೇ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬನ್ನಿರಮ್ಮ" ಎಂದು ದಿನಾ ಭಾಷಣ ಬಿಗಿಯುತ್ತಿತ್ತು. ಆ ಭಾಷಣ ಹುಂಜಕ್ಕೇ ಬಹಳ ಹಿಡಿಸಿತ್ತು.

ಒಂದು ಸಂಜೆ ಭಾಷಣದ ನಡುವೆ ನರಿ ಒಳಗೆ ಬಂತು.

"ನನಗೆ ಇವತ್ತು ಒಬ್ಬರು ಸಾಕು. ಯಾರೆಂದು ನೀವೇ ಹೇಳಿ."

ಎರಡೂ ಕಡೆಯಿಂದ ಒಂದೇ ದನಿ ಬಂತು: "ಕೆಳಗೆ ನಿಂತಿದ್ದಾರಲ್ಲ, ಅವರು."

ಕೊನೆಗೂ ಒಮ್ಮತ ಬಂತಲ್ಲ ಎಂದು ಹುಂಜದ ಎದೆಯುಬ್ಬಿತು. ಸಭೆಗೆ ವಂದನೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನರಿ ಅದರ ಕತ್ತು ಹಿಡಿದಿತ್ತು.